ಸಂಬಂಧಿತ ದಾಖಲೆಗಳ ಆಯ್ಕೆಪಟ್ಟಿಯನ್ನು ಪರಿಮಿತಗೊಳಿಸುವ ಕುರಿತು

ನಾನು ಈ ಹಿಂದೆ ಕರ್ತವ್ಯ ನಿರ್ವಹಿಸಿದ ಗ್ರಾಮ ಪಂಚಾಯತಿಯಲ್ಲಿ ಕುಡಿಯುವ ನೀರಿನ ದೂರುಗಳನ್ನು ಒಂದು ಸಣ್ಣ ವೆಬ್ ತಂತ್ರಾಂಶದಲ್ಲಿ ದಾಖಲಿಸಲಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ನಮ್ಮ ವ್ಯಾಪ್ತಿಯ ಹೊಸಹಳ್ಳಿಯ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತು. ದೂರು ಅದೇ ದಿನ ದಾಖಲಾಯಿತು. ನಾಲ್ಕನೆಯ ದಿನ ನೀರುಗಂಟಿಯವರು ಕಚೇರಿಗೆ ಬಂದು, ದುರಸ್ತಿಗೆ ಯಾರೂ ಬಂದಿಲ್ಲವೆಂದೂ ಊರಿನವರು ತೋಟದ ಬಾವಿಗಳಿಂದ ನೀರು ಹೊರುತ್ತಿರುವರೆಂದೂ ತಿಳಿಸಿದರು. ತೆರೆದು ನೋಡಿದರೆ ದೂರು 'ಇತ್ಯರ್ಥಗೊಂಡಿದೆ' ಎಂದಿತ್ತು. ಗ್ರಾಮಗಳ ಆಯ್ಕೆಪಟ್ಟಿಯಲ್ಲಿ ತಾಲ್ಲೂಕಿನ ಮೂರು ಹೊಸಹಳ್ಳಿಗಳು ಒಂದರ ಕೆಳಗೊಂದು ಇದ್ದವು. ನಮ್ಮ ಡಾಟಾ ಎಂಟ್ರಿ ಆಪರೇಟರ್ ಎರಡನೆಯದನ್ನು ಆರಿಸಿದ್ದರು. ದುರಸ್ತಿಯವರು ಆ ಊರಿಗೆ ಹೋಗಿ, ಅಲ್ಲಿಯ ಮೋಟಾರು ಸರಿಯಾಗಿಯೇ ಓಡುತ್ತಿರುವುದನ್ನು ಕಂಡು, ದೂರನ್ನು ಮುಗಿಸಿ ಹಿಂದಿರುಗಿದ್ದರು. ಆಪರೇಟರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಬೇರೆ ಪಂಚಾಯತಿಯ ಹೊಸಹಳ್ಳಿ ಅವರ ಪರದೆಯ ಮೇಲೆ ಕಾಣಿಸಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ.

ಇದು ಹೇಗಾಗುತ್ತದೆ ಎಂಬುದನ್ನು ಅರಿಯಲು ದತ್ತಾಂಶದ ರಚನೆಯನ್ನು ಸ್ವಲ್ಪ ತಿಳಿಯಬೇಕು. ದೂರಿನ ದಾಖಲೆಯಲ್ಲಿ ಗ್ರಾಮದ ಹೆಸರು ಶೇಖರವಾಗಿರುವುದಿಲ್ಲ. ಗ್ರಾಮಗಳ ಕೋಷ್ಟಕದ ಒಂದು ಸಾಲನ್ನು ಸೂಚಿಸುವ ಸಂಖ್ಯೆ ಮಾತ್ರ ಇರುತ್ತದೆ. ಇದಕ್ಕೆ ಫಾರಿನ್ ಕೀ ಎನ್ನುತ್ತಾರೆ. ಮೇಲಿನ ತಂತ್ರಾಂಶವು ಜಾಂಗೊ ಎಂಬ ಉಚಿತ ಚೌಕಟ್ಟಿನಲ್ಲಿ ಸಿದ್ಧವಾಗಿತ್ತು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ನಗರದ ಪತ್ರಿಕಾ ಸಂಸ್ಥೆಯೊಂದರಲ್ಲಿ ರೂಪುಗೊಂಡು 2005ರಲ್ಲಿ ಸಾರ್ವಜನಿಕ ಬಳಕೆಗೆ ಮುಕ್ತವಾದ ಈ ಚೌಕಟ್ಟು, ನಿರ್ವಾಹಕರ ಪುಟವನ್ನು ತಾನಾಗಿಯೇ ರಚಿಸಿಕೊಡುತ್ತದೆ. ಬೇರೇನೂ ಸೂಚಿಸದಿದ್ದಲ್ಲಿ ಆ ಪುಟದ ಆಯ್ಕೆಪಟ್ಟಿಯಲ್ಲಿ ಗ್ರಾಮಗಳ ಕೋಷ್ಟಕದ ಎಲ್ಲ ಸಾಲುಗಳೂ ಬಂದು ಕೂರುತ್ತವೆ.

ಇದನ್ನು ಪರಿಮಿತಗೊಳಿಸಲು ಎರಡು ಮಾರ್ಗಗಳಿವೆ. 'ಲಿಮಿಟ್ ಚಾಯ್ಸಸ್ ಟು' ಎಂಬ ಷರತ್ತನ್ನು ದತ್ತಾಂಶದ ಮಾದರಿಯಲ್ಲಿಯೇ ಬರೆಯಬಹುದು. ಸಕ್ರಿಯ ಗ್ರಾಮಗಳು ಮಾತ್ರ ಕಾಣಲಿ ಎಂಬಂತಹ, ಎಲ್ಲರಿಗೂ ಸಮಾನವಾದ ನಿಯಮಕ್ಕೆ ಅದು ಸಾಕು. ಆದರೆ ಲಾಗಿನ್ ಆಗಿರುವವರು ಯಾರೆಂಬುದು ಆ ಷರತ್ತಿಗೆ ತಿಳಿಯದು. ನಮಗೆ ಬೇಕಾದದ್ದು ಅದೇ. ನಿರ್ವಾಹಕ ಪುಟದ ವರ್ಗದಲ್ಲಿ 'ಫಾರ್ಮ್‌ಫೀಲ್ಡ್ ಫಾರ್ ಫಾರಿನ್‌ಕೀ' ಎಂಬ ವಿಧಾನವನ್ನು ಬರೆದರೆ, ಬಂದಿರುವ ಕೋರಿಕೆಯಿಂದ ಬಳಕೆದಾರರನ್ನು ಗುರುತಿಸಿ, ಅವರ ಪಂಚಾಯತಿಯ ಗ್ರಾಮಗಳನ್ನಷ್ಟೇ ಪಟ್ಟಿಗೆ ನೀಡಬಹುದು. ಇದಕ್ಕಾಗಿ ಪ್ರತಿ ಲಾಗಿನ್ನಿಗೂ ಪಂಚಾಯತಿಯನ್ನು ಜೋಡಿಸಿರಬೇಕು.

ಈ ಮಾರ್ಗದ ನಿಜವಾದ ಪ್ರಯೋಜನ ಪಟ್ಟಿ ಚಿಕ್ಕದಾಗುವುದಷ್ಟೇ ಅಲ್ಲ. ನಮೂನೆ ಸಲ್ಲಿಕೆಯಾದಾಗ, ಪಟ್ಟಿಯ ಹೊರಗಿನ ಗ್ರಾಮದ ಸಂಖ್ಯೆ ಬಂದರೆ ಸರ್ವರ್ ಅದನ್ನು ತಿರಸ್ಕರಿಸುತ್ತದೆ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಮೂಲಕ ಹೆಸರುಗಳನ್ನು ಮರೆಮಾಡುವ ಪದ್ಧತಿಯಲ್ಲಿ ಈ ತಡೆ ಇರುವುದಿಲ್ಲ. ಅದು ಬಾಗಿಲಿಗೆ ಪರದೆ ಕಟ್ಟಿದಂತೆ, ಚಿಲಕವಲ್ಲ. ತಾಲ್ಲೂಕು ಆರಿಸಿದ ಮೇಲೆ ಪಂಚಾಯತಿ, ಅನಂತರ ಗ್ರಾಮ ಎಂಬ ಸರಪಳಿ ಪಟ್ಟಿಯನ್ನು ಅನೇಕರು ಕೇಳುತ್ತಾರೆ. ಲಾಗಿನ್ನಿನಿಂದಲೇ ಪಂಚಾಯತಿ ನಿರ್ಧಾರವಾಗುವಾಗ ಆಪರೇಟರಿಗೆ ಅದು ಅನಗತ್ಯವೆಂಬುದು ನನ್ನ ಅಭಿಪ್ರಾಯ.

ಹಳೆಯ ದಾಖಲೆಗಳ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಗ್ರಾಮವೊಂದು ಪುನರ್ವಿಂಗಡಣೆಯಲ್ಲಿ ಬೇರೆ ಪಂಚಾಯತಿಗೆ ಸೇರಿದರೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ವಿಲೀನಗೊಂಡರೆ ಹೊಸ ಪಟ್ಟಿಯಲ್ಲಿ ಅದು ಇರುವುದಿಲ್ಲ. ಆಗ ಹಳೆಯ ದೂರನ್ನು ತೆರೆದರೆ ಗ್ರಾಮದ ಅಂಕಣ ಖಾಲಿ ಕಾಣುತ್ತದೆ. ಅಂಕಣ ಕಡ್ಡಾಯವಾಗಿದ್ದರೆ ಉಳಿಸಲಾಗದು. ಅವಸರದಲ್ಲಿರುವವರು ಯಾವುದೋ ಒಂದು ಗ್ರಾಮವನ್ನು ಆರಿಸಿ ಉಳಿಸುತ್ತಾರೆ. ಹೀಗೆ ಸರಿಯಿದ್ದ ದಾಖಲೆಯೂ ಕೆಡುತ್ತದೆ. ಆದುದರಿಂದ ತೆರೆದಿರುವ ದಾಖಲೆಯಲ್ಲಿ ಈಗಾಗಲೇ ಇರುವ ಗ್ರಾಮವನ್ನೂ ಪಟ್ಟಿಗೆ ಸೇರಿಸುವಂತೆ ಬರೆಯಿಸತಕ್ಕದ್ದು. ಹೆಸರಿನ ಮೊದಲ ಅಕ್ಷರಗಳನ್ನು ಬೆರಳಚ್ಚಿಸಿ ಹುಡುಕುವ ಅಂಕಣಗಳಿದ್ದಲ್ಲಿ, ಆ ಹುಡುಕಾಟಕ್ಕೆ ಪ್ರತ್ಯೇಕ ಮಿತಿ ಬೇಕು. ಮೇಲಿನ ವಿಧಾನವೊಂದೇ ಅದನ್ನು ಕಿರಿದಾಗಿಸುವುದಿಲ್ಲ. ಎಕ್ಸೆಲ್ ಕಡತದಿಂದ ನೇರವಾಗಿ ತುಂಬುವ ದತ್ತಾಂಶವು ಈ ನಮೂನೆಯ ಮೂಲಕ ಹಾಯದಿದ್ದರೆ, ಅದಕ್ಕೂ ಬೇರೆಯೇ ಪರಿಶೀಲನೆ ಇರಬೇಕು.

ತಾಲ್ಲೂಕು ಮತ್ತು ಜಿಲ್ಲಾ ಮಟ್ಟದವರಿಗೆ ಎಲ್ಲ ಗ್ರಾಮಗಳೂ ಕಾಣಲೇಬೇಕು. ಅವರ ಪಟ್ಟಿಯಲ್ಲಿ ಬರಿಯ 'ಹೊಸಹಳ್ಳಿ' ಎಂದಿರದೆ, ಪಂಚಾಯತಿಯ ಹೆಸರು ಹಾಗೂ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯ, ಅಂದರೆ ಎಲ್‌ಜಿಡಿಯ, ಗ್ರಾಮ ಸಂಕೇತವೂ ಜೊತೆಗೆ ಮುದ್ರಿತವಾಗುವಂತೆ ಮಾಡಿಸಬೇಕು. ಹೆಸರು ಒಂದೇ ಆದರೂ ಸಂಕೇತ ಬೇರೆಯಾಗಿರುತ್ತದೆ.

ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ ಸಹೋದ್ಯೋಗಿಗಳು ತಾವೇ ಪರೀಕ್ಷಿಸಬಹುದು. ಸಿದ್ಧಪಡಿಸಿದವರು ಸಾಮಾನ್ಯವಾಗಿ ಸೂಪರ್‌ಯೂಸರ್ ಲಾಗಿನ್ನಿನಿಂದ ತೋರಿಸುತ್ತಾರೆ. ಅದರಲ್ಲಿ ಎಲ್ಲವೂ ಕಾಣುವುದರಿಂದ ಏನೂ ತಿಳಿಯುವುದಿಲ್ಲ. ತಮ್ಮ ಆಪರೇಟರ್ ಲಾಗಿನ್ನಿನಲ್ಲಿ ಪಟ್ಟಿಯನ್ನು ತೆರೆಯಿಸಿ ಗ್ರಾಮಗಳನ್ನು ಎಣಿಸಿರಿ. ಬಳಿಕ ಹಿಂದಿನ ವರ್ಷದ ಒಂದು ದಾಖಲೆಯನ್ನು ತೆರೆದು, ಏನನ್ನೂ ಬದಲಿಸದೆ ಉಳಿಸಿ, ಗ್ರಾಮದ ಹೆಸರು ಹಾಗೆಯೇ ಉಳಿಯಿತೇ ಎಂದು ನೋಡಿರಿ.