ಚಕ್ರವ್ಯೂಹಕ್ಕೆ ಮೂರನೆಯ ಆಯಾಮ

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟವನ್ನೇರಿ ನಿಂತವನಿಗೆ ಕೆಳಗಿನ ಹೊಲದ ಹಾದಿಗಳು ಭೂಪಟದ ಗೆರೆಗಳಂತೆ ಒಮ್ಮೆಗೇ ಕಾಣುತ್ತವೆ. ಇಳಿದು ಆಳೆತ್ತರದ ಮುಸುಕಿನ ಜೋಳದ ನಡುವೆ ನಡೆದಾಗ ಮುಂದಿನ ತಿರುವೂ ಕಾಣದು. ಜಪಾನಿನ ನಾಮ್ಕೋ ಸಂಸ್ಥೆಯು 1980ರಲ್ಲಿ ಹೊರತಂದ ಪ್ಯಾಕ್‌ಮ್ಯಾನ್ ಎಂಬ ಯಂತ್ರದಾಟದಲ್ಲಿ ಆಟಗಾರನು ಬೆಟ್ಟದ ಮೇಲಿರುವವನು. ಚಕ್ರವ್ಯೂಹದ ಚುಕ್ಕಿಗಳನ್ನು ನುಂಗುತ್ತ ಓಡುವ ಹಳದಿ ಬಿಲ್ಲೆಯನ್ನೂ ಅದನ್ನಟ್ಟುವ ನಾಲ್ಕು ಭೂತಗಳನ್ನೂ ಅವನು ಏಕಕಾಲದಲ್ಲಿ ನೋಡಬಲ್ಲನು.

ಈ ಆಟಕ್ಕೆ ಎತ್ತರವೆಂಬ ಮೂರನೆಯ ಆಯಾಮವನ್ನು ಕೂಡಿಸಿದರೆ ಆಗುವುದೇನು? ಸಮತಲದಲ್ಲಿ ನಾಲ್ಕು ದಾರಿಗಳು ಕೂಡುವೆಡೆ, ಬಂದ ದಾರಿಯನ್ನು ಬಿಟ್ಟರೆ, ಆಯ್ಕೆಗಳು 3. ಮೇಲೆ, ಕೆಳಗೆ ಎಂಬ ದಿಕ್ಕುಗಳು ಸೇರಿದರೆ 5. ಅಂತಹ ನಾಲ್ಕು ಕೂಡುದಾರಿಗಳನ್ನು ದಾಟುವಷ್ಟರಲ್ಲಿ ಮೊದಲಿನದರಲ್ಲಿ 81 ಬಗೆಯ ಪಥಗಳು, ಎರಡನೆಯದರಲ್ಲಿ 625! ಮೇಲಾಗಿ ಒಂದು ಅಂತಸ್ತು ಇನ್ನೊಂದನ್ನು ಮರೆಮಾಡುವುದರಿಂದ ಭೂಪಟವೇ ಮಾಯವಾಗುತ್ತದೆ. ಭೂತಕ್ಕಾದರೋ ಈ ಕಷ್ಟವಿಲ್ಲ. ಪ್ರತಿ ತಿರುವಿನಲ್ಲೂ ಅದು ಗುರಿಗೆ ನೇರರೇಖೆಯಲ್ಲಿ ಸಮೀಪವಾದ ಮನೆಯನ್ನು ಆರಿಸುತ್ತದೆ. ಪೈಥಾಗೊರಸನ ಸೂತ್ರಕ್ಕೆ ಎತ್ತರದ ವರ್ಗವನ್ನು ಕೂಡಿಸಿಕೊಂಡರೆ ಅದರ ಲೆಕ್ಕ ಮುಗಿಯಿತು.

1987ರ ಪ್ಯಾಕ್‌ಮೇನಿಯಾ ಎಂಬ ಆಟವು ಮಧ್ಯಮಮಾರ್ಗವನ್ನು ಹಿಡಿಯಿತು: ಓರೆಯಾದ ಮೇಲುನೋಟವನ್ನು ಉಳಿಸಿ, ಎತ್ತರವನ್ನು ಭೂತದ ಮೇಲೆ ನೆಗೆಯಲು ಬಳಸಿತು. ಪೂರ್ಣ ಮೂರು ಆಯಾಮದ ಆಟವನ್ನು ಕಲ್ಪಿಸಹೊರಟ ವಿದ್ಯಾರ್ಥಿಯು ಮೊದಲು ಉತ್ತರಿಸಬೇಕಾದ ಪ್ರಶ್ನೆಯಿದು: ಕಳೆದುಹೋದ ಮೇಲುನೋಟಕ್ಕೆ ಬದಲಾಗಿ ಆಟಗಾರನಿಗೆ ಕೊಡುವುದೇನು?