ಒಂದು ಒದೆತಕ್ಕೆ ಎಷ್ಟು ಹೊತ್ತು?

2011ರ ಸೆಪ್ಟೆಂಬರ್ 18. ಐರ್ಲೆಂಡ್‌ನ ರಾಜಧಾನಿ ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ಗೇಲಿಕ್ ಫುಟ್‌ಬಾಲ್‌ನ ಅಖಿಲ ಐರ್ಲೆಂಡ್ ಫೈನಲ್ ಪಂದ್ಯ. ನಿಗದಿತ 70 ನಿಮಿಷ ಮುಗಿದು ಹೆಚ್ಚುವರಿ ಸಮಯ ಓಡುತ್ತಿತ್ತು. ಡಬ್ಲಿನ್ ಮತ್ತು ಕೆರ್ರಿ ಕೌಂಟಿಗಳ ಅಂಕ ಸಮಸಮ. ಆ ಗಳಿಗೆಯಲ್ಲಿ ಡಬ್ಲಿನ್ ತಂಡಕ್ಕೆ ಒಂದು ಫ್ರೀ ಕಿಕ್ ದೊರೆಯಿತು.

ಆದರೆ ಅದನ್ನು ಒದೆಯಬೇಕಾದ ಆಟಗಾರ ಚೆಂಡಿನ ಬಳಿ ಇರಲಿಲ್ಲ. ಅವರು ಡಬ್ಲಿನ್‌ನ ಗೋಲ್‌ಕೀಪರ್ ಸ್ಟೀಫನ್ ಕ್ಲಕ್ಸ್‌ಟನ್. ಮೈದಾನದ ಇನ್ನೊಂದು ತುದಿಯಲ್ಲಿದ್ದ ಅವರು ತಮ್ಮ ಗೋಲನ್ನು ಬಿಟ್ಟು, ಅರ್ಧ ಮೈದಾನಕ್ಕೂ ಹೆಚ್ಚು ದೂರ ಕ್ರಮಿಸಿ ಬಂದರು. ಚೆಂಡನ್ನು ನೆಲದ ಮೇಲಿಟ್ಟರು, ಹಿಂದೆ ಸರಿದರು, ಗುರಿ ನೋಡಿದರು, ಒದ್ದರು. ಚೆಂಡು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾದುಹೋಯಿತು. ಡಬ್ಲಿನ್ 1-12, ಕೆರ್ರಿ 1-11. ಹದಿನಾರು ವರ್ಷಗಳ ಬಳಿಕ ಡಬ್ಲಿನ್ ಚಾಂಪಿಯನ್ ಆಯಿತು.

ಅಷ್ಟು ಹೊತ್ತು ಆಟ ನಿಂತೇ ಇತ್ತು. ಇದನ್ನು ಯಾರೂ ಅನ್ಯಾಯವೆಂದು ಕರೆಯಲಾರರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಫ್ರೀ ಕಿಕ್ ಪಡೆದವನಿಗೆ ಸಿಗುವುದು ಒಂದು ಒದೆತ ಮಾತ್ರವೋ, ಅಥವಾ ಅದರ ಜೊತೆಗೆ ಎಲ್ಲರ ಸಮಯವೂ ಅವನ ಕೈಗೆ ಬರುತ್ತದೆಯೋ?

ಕೈಯೂ ಕಾಲೂ ಬೆರೆತ ಆಟ

ಗೇಲಿಕ್ ಫುಟ್‌ಬಾಲ್ ಐರಿಷ್ ಜನರ ಸ್ವಂತ ಆಟ. 1884ರಲ್ಲಿ ಥರ್ಲ್ಸ್ ಎಂಬ ಪಟ್ಟಣದ ಹೋಟೆಲೊಂದರಲ್ಲಿ ಸ್ಥಾಪನೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇದನ್ನು ಇಂದಿಗೂ ನಡೆಸುತ್ತಿದೆ. ಒಂದೊಂದು ತಂಡದಲ್ಲಿ 15 ಮಂದಿ. ಚೆಂಡು ಗುಂಡಗಿರುತ್ತದೆ, ಅದನ್ನು ಕೈಯಲ್ಲಿ ಹಿಡಿಯಬಹುದು, ಆದರೆ ಹಿಡಿದುಕೊಂಡೇ ಓಡುವಂತಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಗೋಲುಗಂಬಗಳು ರಗ್ಬಿಯಲ್ಲಿರುವಂತೆ ಅಡ್ಡಪಟ್ಟಿಯನ್ನೂ ದಾಟಿ ಮೇಲೆ ಚಾಚಿರುತ್ತವೆ. ಚೆಂಡು ಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಅಂಕ. ಪಟ್ಟಿಯ ಮೇಲಿಂದ ಹೋದರೆ ಸಾಮಾನ್ಯವಾಗಿ ಒಂದು ಪಾಯಿಂಟ್. 1-12 ಎಂದರೆ ಒಂದು ಗೋಲು, ಹನ್ನೆರಡು ಪಾಯಿಂಟ್, ಒಟ್ಟು ಹದಿನೈದು.

ಪಟ್ಟಿಯ ಮೇಲಿಂದ ಹೋದ ಚೆಂಡಿಗೂ ಅಂಕವಿರುವುದರಿಂದ ದೂರದ ಫ್ರೀ ಕಿಕ್ಕಿಗೂ ಬೆಲೆಯಿದೆ. ಸಾಕರ್‌ನಲ್ಲಿ ಇಡೀ ಪಂದ್ಯಕ್ಕೆ ಒಂದೆರಡು ಫ್ರೀ ಕಿಕ್‌ಗಳು ಗೋಲಿಗೆ ಬೆದರಿಕೆ ಒಡ್ಡಿದರೆ ಹೆಚ್ಚು. ಇಲ್ಲಿ 40 ಮೀಟರ್ ದೂರದಿಂದಲೂ ನುರಿತ ಆಟಗಾರ ಅಂಕ ಗಳಿಸಬಲ್ಲ. ಹಾಗಾಗಿ ಅವನು ಅವಸರಪಡುವುದಿಲ್ಲ. ಗಾಳಿಯನ್ನು ಗಮನಿಸುತ್ತಾನೆ, ಹೆಜ್ಜೆ ಎಣಿಸುತ್ತಾನೆ, ಏರಿದ ಉಸಿರು ಇಳಿಯುವವರೆಗೆ ಕಾಯುತ್ತಾನೆ.

ಮೂರು ಬಗೆಯ ವಿಳಂಬ

ಆಟ ನಿಂತಾಗ ಸಮಯ ಕಳೆಯುವವರು ಮೂರು ಬಗೆ. ಮೊದಲನೆಯವನು ನಿಜವಾಗಿಯೂ ಗುರಿ ಹಿಡಿಯಲು ಹೊತ್ತು ಬೇಕಾದವನು. ಎರಡನೆಯವನು ಮುನ್ನಡೆಯಲ್ಲಿರುವ ತಂಡದವನು. ಅವನಿಗೆ ಅಂಕಕ್ಕಿಂತ ಗಡಿಯಾರ ಮುಖ್ಯ. ಚೆಂಡನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ಒದೆಯುವ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಿ ಅರ್ಧ ನಿಮಿಷ ನುಂಗಿಬಿಡುತ್ತಾನೆ. ಮೂರನೆಯವನು ತಪ್ಪು ಮಾಡಿದವನೇ. ಚೆಂಡಿನ ಮುಂದೆ ನಿಲ್ಲುತ್ತಾನೆ, ಅದನ್ನು ದೂರ ಎಸೆಯುತ್ತಾನೆ, ಕೊಡುವಂತೆ ಮಾಡಿ ಕೊಡುವುದಿಲ್ಲ. ಅಷ್ಟರಲ್ಲಿ ಅವನ ತಂಡ ಹಿಂದಕ್ಕೆ ಓಡಿ ರಕ್ಷಣೆಯ ಕೋಟೆ ಕಟ್ಟಿಕೊಳ್ಳುತ್ತದೆ.

ನಿಯಮ ಇವೆಲ್ಲವನ್ನೂ ಬಲ್ಲದು. ಫ್ರೀ ಕಿಕ್ ಪಡೆದ ತಂಡವೇ ಬೇಕೆಂದು ತಡಮಾಡಿದರೆ ಆ ಕಿಕ್ ರದ್ದಾಗಿ, ರೆಫರಿ ಎರಡೂ ಕಡೆಯವರ ನಡುವೆ ಚೆಂಡನ್ನು ಎಸೆಯುತ್ತಾರೆ. ಎದುರಾಳಿ ಅಡ್ಡಿಪಡಿಸಿದರೆ ಚೆಂಡನ್ನು 13 ಮೀಟರ್ ಮುಂದಕ್ಕೆ ಒಯ್ಯುವ ಕ್ರಮ ಬಹುಕಾಲ ಜಾರಿಯಲ್ಲಿತ್ತು. ಆದರೆ ಎಲ್ಲಿಂದ ತಡ, ಎಲ್ಲಿಯವರೆಗೆ ತಾಳ್ಮೆ ಎಂಬುದು ಬಹುಮಟ್ಟಿಗೆ ರೆಫರಿಯ ವಿವೇಚನೆಗೇ ಬಿಟ್ಟ ವಿಷಯವಾಗಿತ್ತು. ಮನಸ್ಸಿನೊಳಗಿನ ಉದ್ದೇಶವನ್ನು ಸೀಟಿ ಹಿಡಿದ ಒಬ್ಬ ಮನುಷ್ಯ ಊಹಿಸಬೇಕು. ಅದೂ ಎಂಬತ್ತು ಸಾವಿರ ಜನ ಕೂಗುತ್ತಿರುವಾಗ.

2017ರ ಫೈನಲ್ ಈ ಹಗ್ಗಜಗ್ಗಾಟದ ಅತಿರೇಕವನ್ನು ತೋರಿಸಿತು. ಡಬ್ಲಿನ್ ಮತ್ತು ಮೇಯೋ ಮತ್ತೆ ಕೊನೆಯ ನಿಮಿಷಗಳಲ್ಲಿ ಸಮಸಮ. ಡಬ್ಲಿನ್‌ನ ಡೀನ್ ರಾಕ್ ನಿರ್ಣಾಯಕ ಫ್ರೀ ಕಿಕ್ ಒದೆಯಲು ಓಡಿಬರುತ್ತಿದ್ದಾಗ, ಮೇಯೋದ ಲೀ ಕೀಗನ್ ತಮ್ಮ ಅಂಗಿಯಲ್ಲಿದ್ದ ಜಿಪಿಎಸ್ ಸಾಧನವನ್ನೇ ಕಿತ್ತು ಅವರತ್ತ ಎಸೆದರು. ರಾಕ್ ಕದಲಲಿಲ್ಲ, ಚೆಂಡು ಪಟ್ಟಿಯ ಮೇಲಿಂದ ಹೋಯಿತು. ಮುಂದೆ ಮೇಯೋ ಚೆಂಡನ್ನು ಆಟಕ್ಕೆ ತರಬೇಕಾದಾಗ ಡಬ್ಲಿನ್ ಆಟಗಾರರು ಎದುರಾಳಿಗಳನ್ನು ಹಿಡಿದು ಕೆಡವಿ ಸಮಯ ಕಳೆದರು. ಡಬ್ಲಿನ್ 1-17, ಮೇಯೋ 1-16. ಒಂದು ಪಾಯಿಂಟಿನ ಅಂತರದಲ್ಲಿ ಒಂದೊಂದು ಸೆಕೆಂಡಿಗೂ ಇಬ್ಬರೂ ಕಾದಾಡಿದ್ದರು.

ಸೆಕೆಂಡು ಎಣಿಸಿದರೆ ಸಾಕೆ?

ಇದಕ್ಕೆ ನೇರ ಪರಿಹಾರವೆಂದರೆ ಗಡುವು ಹಾಕುವುದು. ಬೇರೆ ಆಟಗಳು ಹಾಗೆ ಮಾಡಿವೆ. ಗೇಲಿಕ್ ಆಟದ ನೆಂಟನಂತಿರುವ ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಗೋಲಿಗೆ ಗುರಿಯಿಡುವವನಿಗೆ 30 ಸೆಕೆಂಡು. ಮೀರಿದರೆ ಅಂಪೈರ್ ಆಟ ಮುಂದುವರಿಸಲು ಸೂಚಿಸುತ್ತಾರೆ. ರಗ್ಬಿಯಲ್ಲಿ ಪೆನಾಲ್ಟಿ ಒದೆತಕ್ಕೆ 60 ಸೆಕೆಂಡು. ಕ್ರಿಕೆಟ್ ಕೂಡ 2024ರಲ್ಲಿ ಸೀಮಿತ ಓವರುಗಳ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಓವರುಗಳ ನಡುವೆ 60 ಸೆಕೆಂಡಿನ ಗಡಿಯಾರವನ್ನು ಕಾಯಂ ಮಾಡಿತು.

ಗಡುವಿನ ಗುಣ ಸ್ಪಷ್ಟ: ವಾದಕ್ಕೆ ಎಡೆಯಿಲ್ಲ. ಆದರೆ ಗೇಲಿಕ್ ಆಟಕ್ಕೆ ಅದನ್ನು ಹೊಂದಿಸುವಾಗ ತೊಡಕುಗಳಿವೆ. ಎಣಿಕೆ ಶುರುವಾಗುವುದು ಯಾವಾಗ? ಸೀಟಿ ಊದಿದಾಗಲೋ, ಚೆಂಡು ಒದೆಯುವವನ ಕೈ ಸೇರಿದಾಗಲೋ? ಸೀಟಿಯಿಂದಲೇ ಎಣಿಸಿದರೆ ಚೆಂಡನ್ನು ಕೊಡದೆ ಸತಾಯಿಸಿದವನಿಗೆ ಲಾಭ. ಚೆಂಡು ಕೈ ಸೇರಿದ ಮೇಲೆ ಎಣಿಸಿದರೆ, ಕ್ಲಕ್ಸ್‌ಟನ್ ಅವರಂತೆ ದೂರದಿಂದ ಬರುವ ಗೋಲ್‌ಕೀಪರ್ ಬೇಕಾದಷ್ಟು ನಿಧಾನವಾಗಿ ನಡೆದು ಬರಬಹುದು. ಇನ್ನೊಂದು ಸೂಕ್ಷ್ಮವೂ ಇದೆ. 30 ಸೆಕೆಂಡು ಮೀರಬಾರದು ಎಂದೊಡನೆ, 30 ಸೆಕೆಂಡು ತನ್ನ ಹಕ್ಕು ಎಂದು ಆಟಗಾರ ತಿಳಿಯುತ್ತಾನೆ. ಹತ್ತು ಸೆಕೆಂಡಿನಲ್ಲಿ ಒದೆಯಬಲ್ಲವನೂ ಮುನ್ನಡೆಯಲ್ಲಿದ್ದರೆ ಪೂರ್ತಿ ಅರ್ಧ ನಿಮಿಷ ಬಳಸುತ್ತಾನೆ.

ಸಮಸ್ಯೆಯ ಬೇರು ಬೇರೆಡೆ ಇದೆ. ಆಟ ನಿಂತರೂ ಗಡಿಯಾರ ಓಡುತ್ತಿರುತ್ತದೆ. ಕಳೆದುಹೋದ ಹೊತ್ತನ್ನು ಕೊನೆಯಲ್ಲಿ ಎಷ್ಟು ಸೇರಿಸಬೇಕೆಂಬುದು ರೆಫರಿಯ ಲೆಕ್ಕ. ಆ ಲೆಕ್ಕದ ಮೇಲೆ ಯಾರಿಗೂ ಪೂರ್ತಿ ನಂಬಿಕೆ ಇಲ್ಲದಿರುವುದರಿಂದಲೇ ಸಮಯ ಕದಿಯುವುದು ಲಾಭದ ವ್ಯವಹಾರ.

ಮಹಿಳೆಯರು ತೋರಿದ ದಾರಿ

ಇದನ್ನು ಮೊದಲು ಕಂಡುಕೊಂಡದ್ದು ಮಹಿಳಾ ಗೇಲಿಕ್ ಫುಟ್‌ಬಾಲ್. 1997ರ ಮಹಿಳೆಯರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಮೊನಾಹನ್ ಮತ್ತು ವಾಟರ್‌ಫರ್ಡ್ ಸೆಣಸಿದಾಗ ರೆಫರಿ ಹೆಚ್ಚುವರಿಯಾಗಿ ಆಡಿಸಿದ್ದು ಸುಮಾರು 12 ನಿಮಿಷ. ಮೊನಾಹನ್ ಗೆದ್ದಿತು. ಆದರೆ ಪಂದ್ಯ ಯಾವಾಗ ಮುಗಿಯುತ್ತದೆಂಬುದು ಅಂಗಳದಲ್ಲಿದ್ದವರಿಗೂ ತಿಳಿಯದ ಆ ಸ್ಥಿತಿ ದೊಡ್ಡ ಚರ್ಚೆ ಎಬ್ಬಿಸಿತು. ಪರಿಣಾಮವಾಗಿ ಮಹಿಳಾ ಸಂಘ ದೊಡ್ಡ ಪಂದ್ಯಗಳಿಗೆ ಎಲ್ಲರಿಗೂ ಕಾಣುವ ಗಡಿಯಾರವನ್ನೂ, ಸಮಯ ಮುಗಿದಾಗ ಮೊಳಗುವ ಹೂಟರನ್ನೂ ತಂದಿತು. ಆಟ ನಿಂತಾಗ ಗಡಿಯಾರವನ್ನೂ ನಿಲ್ಲಿಸಬಹುದು. ಆಗ ತಡಮಾಡಿ ಗಳಿಸುವುದೇನೂ ಉಳಿಯುವುದಿಲ್ಲ.

ಪುರುಷರ ಆಟ ಆ ಹಾದಿಗೆ ಬರಲು ಕಾಲು ಶತಮಾನಕ್ಕೂ ಹೆಚ್ಚು ಬೇಕಾಯಿತು. ಆಟ ಮಂದವಾಗುತ್ತಿದೆ ಎಂಬ ದೂರು ಬಲವಾದಾಗ, ನಿಯಮಗಳನ್ನು ಪರಿಶೀಲಿಸಲು ಜಿಮ್ ಗ್ಯಾವಿನ್ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. 2017ರ ಫೈನಲ್ ಗೆದ್ದ ಡಬ್ಲಿನ್ ತಂಡದ ಮ್ಯಾನೇಜರ್ ಆಗಿದ್ದವರು ಇವರೇ. ಸಮಿತಿ ಸೂಚಿಸಿದ ನಿಯಮಗಳು 2025ರಲ್ಲಿ ಜಾರಿಗೆ ಬಂದವು.

ಅವುಗಳಲ್ಲಿ ಮೂರು ಈ ವಿಷಯಕ್ಕೆ ಸಂಬಂಧಿಸಿದವು. ಒಂದು, ಫೌಲ್‌ಗೆ ಒಳಗಾದವನು ಕಾಯಬೇಕಿಲ್ಲ. ಚೆಂಡನ್ನು ಪಾದದಿಂದ ಕೈಗೆ ಚಿಮ್ಮಿಸಿ ಒಡನೆಯೇ ಓಡತೊಡಗಬಹುದು. ಎರಡು, ಚೆಂಡು ಕೊಡದೆ ಸತಾಯಿಸಿದರೆ ಅಥವಾ ರೆಫರಿಯೊಡನೆ ವಾದಿಸಿದರೆ ಫ್ರೀ ಕಿಕ್ 13 ಮೀಟರ್ ಅಲ್ಲ, 50 ಮೀಟರ್ ಮುಂದೆ ಹೋಗುತ್ತದೆ. ತನ್ನ ಗೋಲಿನ ಬಳಿಯ ಚೆಂಡು ಒಮ್ಮೆಗೇ ಎದುರಾಳಿಯ ಅಂಗಳಕ್ಕೆ ಬರುವುದನ್ನು ಕಂಡ ಮೇಲೆ ಆಟಗಾರರು ಚೆಂಡನ್ನು ಬಿಸಿ ಕೆಂಡದಂತೆ ಕೈಬಿಡತೊಡಗಿದರು. ಮೂರು, ಗಡಿಯಾರ ಮತ್ತು ಹೂಟರ್. ಹೂಟರ್ ಮೊಳಗಿದ ಮೇಲೂ ಚೆಂಡು ಹೊರಹೋಗುವವರೆಗೆ ಆಟ ಮುಂದುವರಿಯಬಹುದೆಂಬುದು ಮೊದಲ ಕ್ರಮ. ಋತುವಿನ ನಡುವೆಯೇ ಅದನ್ನು ತಿದ್ದಿ, ಹೂಟರ್‌ನೊಂದಿಗೆ ಆಟ ಮುಗಿಯುವಂತೆ ಮಾಡಲಾಯಿತು. ಅದಕ್ಕೂ ಮೊದಲೇ ದೊರೆತ ಫ್ರೀ ಕಿಕ್ಕನ್ನು ಮಾತ್ರ ಒದೆಯಬಹುದು.

ಈ ವ್ಯವಸ್ಥೆಯ ಮಿತಿಯೂ ಗಮನಿಸತಕ್ಕದ್ದು. ಗೇಲಿಕ್ ಆಟಗಾರರು ಸಂಬಳ ಪಡೆಯುವವರಲ್ಲ. ಶಿಕ್ಷಕರು, ರೈತರು, ಬಡಗಿಗಳು ಸಂಜೆಯ ಹೊತ್ತು ಅಭ್ಯಾಸ ಮಾಡಿ ಆಡುವ ಆಟವಿದು. ಹಳ್ಳಿಯ ಕ್ಲಬ್ಬಿನ ಮೈದಾನದಲ್ಲಿ ವಿದ್ಯುತ್ ಗಡಿಯಾರವಾಗಲಿ, ಸಮಯಪಾಲಕರಾಗಲಿ ಇರುವುದು ಅಪರೂಪ. ಅಲ್ಲಿ ಇಂದಿಗೂ ರೆಫರಿಯ ಕೈಗಡಿಯಾರವೇ ಪ್ರಮಾಣ, ನೆರೆಯೂರಿನವರ ಮರ್ಯಾದೆಯೇ ಭದ್ರತೆ.

ಫ್ರೀ ಕಿಕ್ ಎಂಬುದು ಅನ್ಯಾಯಕ್ಕೆ ಒಳಗಾದವನಿಗೆ ಕೊಡುವ ಪರಿಹಾರ. ಪರಿಹಾರ ಪಡೆದವನು ಆತುರದಿಂದ ಒದೆಯುವಂತೆ ಮಾಡುವುದು ನ್ಯಾಯವಲ್ಲ. ಅವನು ಇತರರ ಆಟವನ್ನು ನುಂಗುವುದೂ ನ್ಯಾಯವಲ್ಲ. ಎಷ್ಟು ಸೆಕೆಂಡು ಕೊಡಬೇಕೆಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಕದ್ದ ಸೆಕೆಂಡಿಗೆ ಬೆಲೆಯೇ ಇಲ್ಲದಂತೆ ಮಾಡುವುದು ಜಾಣತನ ಎಂಬುದನ್ನು ಐರಿಷ್ ಜನರ ಅನುಭವ ಹೇಳುತ್ತದೆ. ಗಡಿಯಾರ ನಿಂತಿದ್ದರೆ, ಕ್ಲಕ್ಸ್‌ಟನ್ ಅವರಂಥವರು ಮೈದಾನದ ಉದ್ದಕ್ಕೂ ನಡೆದು ಬಂದರೂ ಯಾರ ಗಂಟೂ ಹೋಗುವುದಿಲ್ಲ.