ಟಿ.ವಿ.ಯಲ್ಲಿ ಕಪ್ಪು ಸೀರೆ ಬೂದು ಕಂಡರೆ?

ಮನೆಯ ಕಂಪ್ಯೂಟರನ್ನು ಹಜಾರದ ದೊಡ್ಡ ಟಿ.ವಿ.ಗೆ ಜೋಡಿಸಿ ಮದುವೆಯ ಫೋಟೋ, ನಾಮಕರಣದ ವಿಡಿಯೋ ನೋಡುವ ಅಭ್ಯಾಸ ಈಗ ನಮ್ಮ ಸಣ್ಣ ಊರುಗಳಲ್ಲೂ ಬಂದಿದೆ. ಹಾಗೆ ನೋಡುವಾಗ ‘ಅಯ್ಯೋ, ಬಣ್ಣವೆಲ್ಲ ತೊಳೆದುಹೋದ ಹಾಗಿದೆಯಲ್ಲ!’ ಅಂತ ನಿಮಗೆಂದಾದರೂ ಅನ್ನಿಸಿದೆಯೇ? ಹಾಗಿದ್ದರೆ ನನ್ನ ನಾದಿನಿಯ ಕಥೆ ಕೇಳಿ.

ಅವಳದು ಮನೆಯಲ್ಲೇ ಸೀರೆ ವ್ಯಾಪಾರ. ಇಳಕಲ್ಲಿನಿಂದ ಬರುವ ಸೀರೆಗಳ ಚಿತ್ರಗಳನ್ನು ಟಿ.ವಿ.ಯಲ್ಲಿ ತೋರಿಸಿ ಆರ್ಡರ್ ಹಿಡಿಯುತ್ತಾಳೆ. ಹೋದ ಸಂಕ್ರಾಂತಿಗೆ ಒಬ್ಬರು ಕಡು ಬೂದು ಸೀರೆಯೆಂದು ಒಪ್ಪಿದರು. ಬಂದದ್ದು ಅಚ್ಚ ಕಪ್ಪು! ‘ನಾನು ಕೇಳಿದ್ದು ಇದಲ್ಲ ಕಣ್ರೀ’ ಎಂದು ಹಿಂದಿರುಗಿಸಿಬಿಟ್ಟರು. ರಿಪೇರಿಯವನು ಹೊಸ ಟಿ.ವಿ.ಯನ್ನೇ ಕೊಳ್ಳಿ ಎಂದ. ‘ಅತ್ತಿಗೆ, ಚೀಟಿ ಎತ್ತಿಬಿಡ್ಲಾ?’ ಎಂದು ಅವಳು ಕೇಳಿದಾಗ ‘ಸ್ವಲ್ಪ ತಾಳು’ ಎಂದೆ. ತಪ್ಪು ಟಿ.ವಿ.ಯದಲ್ಲ, ಅಳತೆಯದು.

ಅಳೆದು ಕೊಡುವವರದು ಒಂದು ಸೇರು, ಅಳೆದುಕೊಳ್ಳುವವರದು ಇನ್ನೊಂದು ಸೇರು ಆದರೆ ಲೆಕ್ಕ ತಪ್ಪದೇ? ಇಲ್ಲೂ ಹಾಗೆಯೇ. ಕಂಪ್ಯೂಟರಿನಿಂದ ಚಿತ್ರ ಕಳಿಸುವ ಭಾಗವೇ ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಲೆಕ್ಕದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲು. ಮೂರೂ 0 ಇದ್ದರೆ ಕಪ್ಪು, ಮೂರೂ 255 ಇದ್ದರೆ ಬಿಳಿ. ಟಿ.ವಿ. ಕಾರ್ಯಕ್ರಮಗಳಲ್ಲಾದರೋ ಕಪ್ಪು 16ಕ್ಕೆ, ಬಿಳಿ 235ಕ್ಕೆ. ಹಾಲು ಉಕ್ಕೀತೆಂದು ಪಾತ್ರೆಯಲ್ಲಿ ಜಾಗ ಬಿಡುತ್ತೀರಲ್ಲ, ಹಾಗೆ ಮೇಲೂ ಕೆಳಗೂ ಬಿಟ್ಟ ಜಾಗ ಅದು.

ಎದುರಿಗಿರುವುದು ಟಿ.ವಿ. ಎಂದು ಕಾರ್ಡು ಕಪ್ಪನ್ನು 16 ಮಾಡಿ ಕಳಿಸುತ್ತದೆ. ಟಿ.ವಿ. 0ಯನ್ನೇ ಕಪ್ಪೆಂದುಕೊಂಡಿದ್ದರೆ 16 ಬೂದಾಗಿ ಕಾಣುತ್ತದೆ. ಇದೇ ತಿರುಗುಮುರುಗಾದರೆ ಕಡು ಬಣ್ಣಗಳೆಲ್ಲ ಒಂದೇ ಕಪ್ಪು ಮುದ್ದೆ. ಸೀರೆಯ ನೆರಿಗೆಯೂ ಕಾಣದು.

ಮಾಡಬೇಕಾದ್ದು ಮೂರೇ ಕೆಲಸ:

1. ಎನ್‌ವಿಡಿಯಾ ಕಾರ್ಡಾದರೆ ಅದರ ಕಂಟ್ರೋಲ್ ಪ್ಯಾನೆಲ್ ತೆರೆದು ‘ಚೇಂಜ್ ರೆಸಲ್ಯೂಷನ್’ಗೆ ಹೋಗಿ. ಬಣ್ಣದ ಬಗೆ ‘ಆರ್.ಜಿ.ಬಿ.’ ಇರಲಿ, ‘ಔಟ್‌ಪುಟ್ ಡೈನಾಮಿಕ್ ರೇಂಜ್’ ಎಂಬಲ್ಲಿ ‘ಲಿಮಿಟೆಡ್’ ಬದಲು ‘ಫುಲ್’ ಆರಿಸಿ. ಬೇರೆ ಕಾರ್ಡುಗಳಲ್ಲೂ ‘ಫುಲ್ ಆರ್.ಜಿ.ಬಿ.’ ಎಂದು ಹುಡುಕಿ.

2. ಟಿ.ವಿ.ಯ ಚಿತ್ರದ ಸೆಟ್ಟಿಂಗ್‌ನಲ್ಲಿ ‘ಬ್ಲ್ಯಾಕ್ ಲೆವೆಲ್’ ಅಥವಾ ‘ವಿಡಿಯೋ ರೇಂಜ್’ ಇರುತ್ತದೆ. ಅದನ್ನೂ ಬದಲಿಸಿ ನೋಡಿ. ಕಪ್ಪು ಕಾಡಿಗೆಯಂತಿದ್ದು, ನೆರಿಗೆಗಳೂ ಬಿಡಿಬಿಡಿಯಾಗಿ ಕಂಡರೆ ಅಳತೆ ಕೂಡಿತೆಂದು ಅರ್ಥ.

3. ಕೆಂಪು ಅಕ್ಷರ, ಸಣ್ಣ ಅಂಚುಗಳು ಕಲೆಸಿದಂತಿವೆಯೇ? ನಾಲ್ಕು ಚುಕ್ಕಿಗೆ ಒಂದೇ ಬಣ್ಣ ಹಂಚಿ ಉಳಿತಾಯ ಮಾಡುವ ಪದ್ಧತಿ ಟಿ.ವಿ.ಗಳಲ್ಲುಂಟು. ಎಚ್.ಡಿ.ಎಂ.ಐ. ತಂತಿ ಸಿಕ್ಕಿಸಿದ ಜಾಗಕ್ಕೆ ಟಿ.ವಿ.ಯ ಮೆನುವಿನಲ್ಲಿ ‘ಪಿ.ಸಿ.’ ಎಂದು ಹೆಸರು ಕೊಡಿ. ಹಲವು ಟಿ.ವಿ.ಗಳಲ್ಲಿ ಆಗ ಪ್ರತಿ ಚುಕ್ಕಿಗೂ ಅದರದೇ ಬಣ್ಣ ದಕ್ಕುತ್ತದೆ.

ಒಂದು ಎಚ್ಚರಿಕೆ: ಕಾರ್ಡನ್ನು ಮಾತ್ರ ತಿದ್ದಿ ಟಿ.ವಿ.ಯನ್ನು ಮರೆಯಬೇಡಿ. ಎರಡೂ ಕಡೆ ಒಂದೇ ಸೇರಿರಬೇಕು.

ನಾದಿನಿ ಚೀಟಿ ಎತ್ತಲಿಲ್ಲ. ಕಾಸು ಖರ್ಚಿಲ್ಲದೆ ಟಿ.ವಿ. ಸರಿಹೋಯಿತು. ಆದರೂ ಈಗ ಅವಳು ಆರ್ಡರ್ ಬರೆದುಕೊಳ್ಳುವಾಗ ‘ಇದು ಕಪ್ಪು, ಬೂದಲ್ಲ’ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಹಿಂದಿರುಗಿ ಬಂದ ಆ ಸೀರೆಯೇ? ಅದನ್ನು ನಾನೇ ಕೊಂಡೆ!